ಭಾವನ ಗಟ್ಟಿ ಜಾಯಿಂಟು

ಅಕ್ಕನ ಪೀಠೋಪಕರಣ ಪಾಲಿಶ್ ಶೆಡ್ಡಿನ ಹಿಂದೆ ನೆಲದಿಂದ ಮೊಳದೆತ್ತರ ಎದ್ದ ಬಿಳಿ ಪೈಪೊಂದಿತ್ತು. ಕುಡಿಯುವ ನೀರಿಗಲ್ಲ; ಪಾಲಿಶ್‌ಗೆ ಬೆರೆಸುವ ಥಿನ್ನರ್ ಎಂಬ ದ್ರಾವಕ ಅಂತರ್ಜಲಕ್ಕೆ ಇಳಿಯುತ್ತಿದೆಯೇ ಎಂದು ಸ್ಯಾಂಪಲ್ ತೆಗೆದು ನೋಡಲು ಮಾಲಿನ್ಯ ನಿಯಂತ್ರಣ ಕಚೇರಿಯವರು ಹಾಕಿಸಲು ಹೇಳಿದ್ದ ಕೊಳವೆ. ಭಾವ ಪ್ಲಂಬರ್. ಮನೆಯವನೇ ಇರುವಾಗ ಹೊರಗಿನವರೇಕೆ ಎಂದು ತಾನೇ ಇಳಿಸಿದ್ದ.

ಮೊದಲ ಸ್ಯಾಂಪಲ್‌ನಲ್ಲೇ ದ್ರಾವಕ ಸಿಕ್ಕಿತು. ಇನ್ನೊಮ್ಮೆ ಸಿಕ್ಕರೆ ಶೆಡ್ಡಿಗೆ ಬೀಗ. ಅಕ್ಕನಿಗೆ ನಿದ್ದೆ ಹಾರಿಹೋಯಿತು.

ಎರಡನೇ ಸಲ ಲ್ಯಾಬಿನ ಮೇಡಂ ಬಂದಾಗ, ಭಾವ ಪೈಪಿನ ಪಕ್ಕದಲ್ಲೇ ಮದುಮಗನ ಹಾಗೆ ನಿಂತಿದ್ದ.

"ಅಲ್ಲಾಡ್ಸಿ ನೋಡಿ ಮೇಡಂ, ಆನೆ ಎಳೆದ್ರೂ ಬಿಡಲ್ಲ. ಒಂದೊಂದು ಜಾಯಿಂಟಿಗೂ ಎರಡು ಸುತ್ತು ಗಮ್ಮು, ಮೇಲೊಂದು ಸುತ್ತು ಪ್ರೀತಿಗೆ."

ಬಾಟಲಿ ಹಿಡಿದ ಮೇಡಂ ಕೈ ಅಲ್ಲೇ ನಿಂತಿತು. "ಗಮ್ ಹಾಕಿದ್ರಾ?"

"ಹಾಕ್ದೆ ಇರ್ತೀನಾ? ಹೆಂಡ್ತಿ ಕೆಲಸ."

"ಇದಕ್ಕೆ ಗಮ್ಮಿಲ್ದೆ ತಿರುಗಿಸಿ ಕೂಡಿಸೋ ತಿರುಪಿನ ಪೈಪ್ ಹಾಕ್ಬೇಕಿತ್ತು. ಗಮ್ಮಲ್ಲೂ ದ್ರಾವಕ ಇರತ್ತೆ, ನೀರಿಗೆ ಬಿಡ್ತಾ ಇರತ್ತೆ. ಹೋದ್ಸಲ ನಾವು ನಿಮ್ಮ ಗಮ್ಮನ್ನೇ ಪರೀಕ್ಷೆ ಮಾಡಿರಬಹುದು."

ಅಕ್ಕ ಗಂಡನ ಕಡೆ ತಿರುಗಿದಳು. "ಅಡುಗೆಮನೆ ಪೈಪು ಸೋರತ್ತೆ ಅಂತ ವರ್ಷದಿಂದ ಬಡ್ಕೊಳ್ತಿದೀನಿ. ಆ ಗಮ್ಮೆಲ್ಲ ಇಲ್ಲಿ ಸುರಿದ್ರಾ?" ಆಮೇಲೆ ಮೆಲ್ಲಗೆ, "ಮಾಡಿರಬಹುದು ಅಂದ್ರೇನು ಮೇಡಂ?"

"ಥಿನ್ನರೂ ಇರಬಹುದು. ಹೊಸ ಕೊಳವೆ ಹಾಕಿ ನೋಡ್ಬೇಕು."

ಒಂದು ಮಾರು ಆಚೆ ಹೊಸ ಕೊಳವೆ ಇಳಿಯಿತು. ಭಾವ ತಿರುಪು ತಿರುಗಿಸುವಷ್ಟು ಹೊತ್ತೂ ಅಕ್ಕ ಗಮ್ಮಿನ ಡಬ್ಬಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಕಾವಲು ನಿಂತಳು. ನಿಂತ ನೀರನ್ನೆಲ್ಲ ಹೊರಹಾಕಿ, ಹೊಸ ನೀರು ಬಂದಮೇಲೆ ಮೇಡಂ ಬಾಟಲಿ ತುಂಬಿಸಿಕೊಂಡು ಹೋದರು.

ಫಲಿತಾಂಶದ ಫೋನು ಎತ್ತಿದವನು ನಾನು. ಕೇಳಿಸಿಕೊಂಡು, ಇಟ್ಟು, ಮೇಡಂ ಧ್ವನಿಯಲ್ಲೇ ಮೂಗಿನಿಂದ ಶುರುಮಾಡಿದೆ: "ನೋಡಿ, ನಿಮ್ಮ ಸ್ಯಾಂಪಲ್ ವಿಚಾರವಾಗಿ ಹೇಳಬೇಕೆಂದರೆ..."

"ನಿನ್ನ ಮಿಮಿಕ್ರಿಗೆ ಬೆಂಕಿ ಹಾಕ. ಏನಂದ್ರು ಹೇಳೋ."

"ಏನೂ ಸಿಕ್ಕಿಲ್ವಂತೆ ಅಕ್ಕ. ಎಲ್ಲಾ ಭಾವನ ಪ್ರೀತಿನೇ."

ಅಕ್ಕ ಆಗಷ್ಟೇ ಪಾಲಿಶ್ ಒಣಗಿದ್ದ ಆರಾಮಕುರ್ಚಿಯಲ್ಲಿ ಕುಸಿದು ಕೂತಳು. ನಾವು ನೋಡನೋಡುತ್ತಲೇ ಗೊರಕೆ ಬಂತು.

ಅಷ್ಟರಲ್ಲಿ ಗಿರಾಕಿಯೊಬ್ಬರು ಬಾಗಿಲಲ್ಲಿ ಇಣುಕಿದರು. "ಅದು ನನ್ನ ಕುರ್ಚಿ ಅಲ್ವಾ?"

ಭಾವ ತುಟಿಯ ಮೇಲೆ ಬೆರಳಿಟ್ಟ. "ನಿಮ್ದೇ ಸಾರ್. ಪರೀಕ್ಷೆ ನಡೀತಿದೆ. ಸಂಜೆ ಬನ್ನಿ."