ನೂರ ನಲವತ್ತಮೂರನೆಯ ತಲೆ

ಆ ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಜರಿ ಅಕ್ಕ ಎಂದೇ. ಇಪ್ಪತ್ತೆರಡು ವರ್ಷಗಳಿಂದ ಗೇಟಿನ ಪಕ್ಕದ ಪುಟ್ಟ ಕಿಟಕಿಯ ಹಿಂದೆ ಕೂತು, ಒಳಗೆ ಬರುವ ಪ್ರತಿಯೊಬ್ಬರ ಮುಖ ನೋಡಿ, ಹೆಸರಿನ ಮುಂದೆ ಪೆನ್ಸಿಲಿನಿಂದ ಗೆರೆ ಎಳೆಯುವುದು ಅವಳ ಕೆಲಸ. ಯಾರು ರಾತ್ರಿ ನಿದ್ದೆಗೆಟ್ಟು ಬಂದಿದ್ದಾರೆ, ಯಾರು ಗಂಡನ ಜೊತೆ ಜಗಳವಾಡಿ ಬಂದಿದ್ದಾರೆ ಎಂಬುದು ಆ ಗೆರೆ ಎಳೆಯುವಷ್ಟರಲ್ಲೇ ಅವಳಿಗೆ ತಿಳಿದುಹೋಗುತ್ತಿತ್ತು.

ಮೂರು ತಿಂಗಳ ಹಿಂದೆ ಹೊಸ ಮ್ಯಾನೇಜರ್ ಬಂದು ಗೇಟಿಗೆ ಕಾರ್ಡಿನ ಯಂತ್ರ ಹಾಕಿಸಿದ್ದರು. ಕಾರ್ಡು ತೋರಿಸಿದರೆ ಯಂತ್ರ ಟಿಣ್ ಅನ್ನುತ್ತಿತ್ತು, ಒಳಗೆ ಎಷ್ಟು ಜನ ಇದ್ದಾರೆಂಬುದು ಮ್ಯಾನೇಜರರ ಫೋನಿನಲ್ಲೇ ಕಾಣುತ್ತಿತ್ತು.

“ಇನ್ನು ನಿಮಗೆ ಆ ಪುಸ್ತಕದ ತಾಪತ್ರಯ ಇಲ್ಲಮ್ಮ,” ಎಂದಿದ್ದರು.

“ಆಯ್ತು ಸಾರ್,” ಎಂದಿದ್ದಳು ಅವಳು. ಪುಸ್ತಕವನ್ನು ಮಾತ್ರ ಬಿಟ್ಟಿರಲಿಲ್ಲ.

ಬೆಂಕಿಯ ಗಂಟೆ ಹೊಡೆದಾಗ ಎಲ್ಲರನ್ನೂ ಎದುರಿನ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಹೆಸರು ಕೂಗುವ ಹೊಣೆಯೂ ಅವಳದೇ. ವರ್ಷಕ್ಕೆ ಎರಡು ಸಲ ತಾಲೀಮು ನಡೆಯುತ್ತಿತ್ತು. ಬಿಸಿಲಿನಲ್ಲಿ ನಿಂತು ಗೊಣಗುವವರು, ಇನ್ನೊಬ್ಬರ ಹೆಸರಿಗೆ ‘ಇದ್ದೀನಿ’ ಎಂದು ನಗಿಸುವವರು ಎಲ್ಲ ಸಲವೂ ಇರುತ್ತಿದ್ದರು. ಅವಳು ನಗುತ್ತಿರಲಿಲ್ಲ, ಪಟ್ಟಿಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಮನೆಯಲ್ಲಿ ಅವಳ ಗಂಡ ಊಟಕ್ಕೆ ಕೂರುವಾಗ, “ಮೂರೇ ಜನ ಕಣೆ, ಕೂಗಿ ಬಿಡು, ಎಲ್ಲಾ ಇದ್ದೀವಿ,” ಎಂದು ರೇಗಿಸುತ್ತಿದ್ದ. ಮಗಳು ತಟ್ಟೆ ಹಿಡಿದುಕೊಂಡೇ ಕೈ ಎತ್ತುತ್ತಿದ್ದಳು.

ಆ ಮಂಗಳವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಂಟೆ ಹೊಡೆದಾಗ ಅದು ತಾಲೀಮಲ್ಲ ಎಂದು ಅವಳಿಗೆ ವಾಸನೆಯಲ್ಲೇ ಗೊತ್ತಾಯಿತು. ನೆಲಮಹಡಿಯಲ್ಲಿ ಬಟ್ಟೆಯ ಥಾನುಗಳನ್ನು ಪೇರಿಸಿಡುವ ಉಗ್ರಾಣದಲ್ಲಿ ವೈರು ಹೊತ್ತಿಕೊಂಡಿತ್ತು. ಉರಿಗಿಂತ ಹೊಗೆಯೇ ಹೆಚ್ಚು, ಅದೂ ಹಿಂದಿನ ಮೆಟ್ಟಿಲ ಹಾದಿ ಹಿಡಿದು ಮೇಲಕ್ಕೆ ಏರುತ್ತಿತ್ತು. ಅವಳು ಪುಸ್ತಕ, ಪೆನ್ಸಿಲು ತೆಗೆದುಕೊಂಡು ಮೈದಾನಕ್ಕೆ ಓಡಿದಳು. ನೋಡನೋಡುತ್ತಿದ್ದಂತೆ ಮುಂದಿನ ಮೆಟ್ಟಿಲಿಂದ ಜನ ಇಳಿದು ಬಂದರು. ಒಬ್ಬಳ ಕತ್ತಿನಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ಇನ್ನೊಬ್ಬಳ ಕೈಯಲ್ಲಿ ಅರ್ಧ ಹೊಲಿದ ಕಾಲರ್ ಇತ್ತು.

“ಸಾಲು! ನಿಮ್ಮ ನಿಮ್ಮ ವಿಭಾಗದ ಸಾಲು!” ಎಂದು ಅವಳು ಕೂಗಿದಳು. ಈ ಸಲ ಯಾರೂ ಗೊಣಗಲಿಲ್ಲ. ಅವಳು ಕತ್ತರಿಸುವ ವಿಭಾಗದಿಂದ ಹೆಸರು ಕರೆಯತೊಡಗಿದಳು.

ಅಷ್ಟರಲ್ಲಿ ಮ್ಯಾನೇಜರ್ ಬೆರಳು ಚಾಚಿಕೊಂಡು ಸಾಲುಗಳ ನಡುವೆ ಸರಸರನೆ ನಡೆದು ತಲೆ ಎಣಿಸಿದರು. ತಮ್ಮನ್ನೂ ಸೇರಿಸಿ ನೂರ ನಲವತ್ತಮೂರು. ಫೋನು ನೋಡಿದರು. ಅದರಲ್ಲೂ ನೂರ ನಲವತ್ತಮೂರು. ಅವರ ಮುಖಕ್ಕೆ ಜೀವ ಬಂತು.

ಅಗ್ನಿಶಾಮಕ ದಳದ ಮೊದಲ ವಾಹನ ಗೇಟು ದಾಟಿ ಬಂದು ನಿಂತಿತು. ಮೀಸೆ ನರೆತ ದಳದ ನಾಯಕ ಕೆಳಗಿಳಿದವನೇ ಕೇಳಿದ, “ಒಳಗೆ ಯಾರಾದ್ರೂ ಇದ್ದಾರಾ?”

“ಯಾರೂ ಇಲ್ಲ. ನೂರ ನಲವತ್ತಮೂರಕ್ಕೆ ನೂರ ನಲವತ್ತಮೂರು, ಎಲ್ಲಾ ಹೊರಗಿದ್ದಾರೆ,” ಎಂದರು ಮ್ಯಾನೇಜರ್.

“ಸ್ವಲ್ಪ ತಡೀರಿ,” ಹಾಜರಿ ಅಕ್ಕ ಪುಸ್ತಕದಿಂದ ಕಣ್ಣೆತ್ತದೆ ಹೇಳಿದಳು. “ನಾನಿನ್ನೂ ಮುಗಿಸಿಲ್ಲ.”

“ಲೆಕ್ಕ ಸರಿ ಇದೆಯಲ್ಲಮ್ಮ!”

“ಲೆಕ್ಕ ಸರಿ ಇದೆ ಸಾರ್. ಜನ ಸರಿ ಇದ್ದಾರಾ ನೋಡ್ಬೇಕು.”

ದಳದ ನಾಯಕ ಇಬ್ಬರ ಮುಖವನ್ನೂ ನೋಡಿದ. ಅವನ ಹುಡುಗರು ಆಗಲೇ ಉಗ್ರಾಣದ ಕಡೆ ಪೈಪು ಎಳೆಯುತ್ತಿದ್ದರು. ಅವನು ಮಾತ್ರ ಅವಳ ಪಕ್ಕದಲ್ಲೇ ನಿಂತುಕೊಂಡು, “ಬೇಗ ಕೂಗಿ,” ಎಂದ.

ಅವಳು ಬೇಗ ಕೂಗಿದಳು, ಆದರೆ ಅವಸರಪಡಲಿಲ್ಲ. ಹೆಸರು, ಉತ್ತರ, ಮುಖ, ಗೆರೆ. ಬರೀ ದನಿ ಕೇಳಿ ಅವಳು ಗೆರೆ ಎಳೆಯುವವಳಲ್ಲ. ಎರಡನೆಯ ಸಾಲಿನ ನಡುವೆ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದಳು. ಪುಸ್ತಕದಲ್ಲಿದ್ದ ಆ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

“ಗುಬ್ಬಿ!” ಎಂದಳು ಆಗ. “ಗುಬ್ಬಿ ಎಲ್ಲಿ?”

ಗುಬ್ಬಿ ಅಂಗಿಗೆ ತೋಳು ಜೋಡಿಸುವ ಸಾಲಿನ ಹೊಲಿಗೆಯವಳು. ಆಳು ಚಿಕ್ಕದು, ಕೈ ಚುರುಕು. ಐದು ತಿಂಗಳ ಕೂಸನ್ನು ಅತ್ತೆಯ ಬಳಿ ಬಿಟ್ಟು ಹದಿನೈದು ದಿನದ ಹಿಂದಷ್ಟೇ ಕೆಲಸಕ್ಕೆ ಮರಳಿದ್ದಳು. ಬೆಳಗ್ಗೆ ಅವಳ ಹೆಸರಿನ ಮುಂದೆ ಗೆರೆ ಎಳೆದದ್ದು ಹಾಜರಿ ಅಕ್ಕನಿಗೆ ಚೆನ್ನಾಗಿ ನೆನಪಿತ್ತು.

ಸಾಲಿನಲ್ಲಿ ಎಲ್ಲರೂ ಅತ್ತಿತ್ತ ನೋಡಿದರು. ಗುಬ್ಬಿಯ ಪಕ್ಕದಲ್ಲಿ ಕೂತು ಗುಂಡಿಯ ಕಾಜಾ ಹೊಲಿಯುವ ಹೆಂಗಸು ಒಂದು ಹೆಜ್ಜೆ ಮುಂದೆ ಇಟ್ಟಳು, ಮ್ಯಾನೇಜರರನ್ನು ನೋಡಿದಳು, ನಿಂತಳು.

“ಗೊತ್ತಿದ್ರೆ ಹೇಳೇ! ಹಿಂದೆಮುಂದೆ ನೋಡೋ ಹೊತ್ತಾ ಇದು?” ಎಂದು ಅಕ್ಕ ಗದರಿದಳು.

ಕಾಜಾದವಳು ಓಡಿಬಂದು ಅಕ್ಕನ ಕಿವಿಯ ಹತ್ತಿರ ಬಗ್ಗಿದಳು. “ಅಕ್ಕಾ, ಹನ್ನೊಂದಕ್ಕೆ ಅವಳು ಸ್ಯಾಂಪಲ್ ರೂಮಿಗೆ ಹೋಗ್ತಾಳೆ. ಎದೆ ಕಟ್ಟಿಕೊಂಡು ನೋವು ತಡೆಯೋಕಾಗಲ್ಲ, ಹಾಲು ತೆಗೀತಾಳೆ. ಒಳಗಿಂದ ಚಿಲಕ ಹಾಕ್ಕೊಂಡಿರ್ತಾಳೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ಲು.”

ಸ್ಯಾಂಪಲ್ ರೂಮು ಎರಡನೆಯ ಮಹಡಿಯ ತುದಿಯಲ್ಲಿ, ಹಿಂದಿನ ಮೆಟ್ಟಿಲಿಗೆ ಅಂಟಿಕೊಂಡೇ ಇತ್ತು. ಸದಾ ಮುಚ್ಚಿರುವ ಬಾಗಿಲು. ಮಹಡಿ ಖಾಲಿ ಮಾಡಿಸಿದ ಸೂಪರ್‌ವೈಸರ್ ಅದನ್ನು ತಟ್ಟಿರುವುದಿಲ್ಲ. ಅದರ ಒಂದೇ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತಿತ್ತು, ಅಲ್ಲಿಂದ ಎಷ್ಟು ಕೂಗಿದರೂ ಮೈದಾನಕ್ಕೆ ಕೇಳುವಂತಿರಲಿಲ್ಲ. ಕೆಲಸದವರ ಫೋನುಗಳೆಲ್ಲ ಬೆಳಗ್ಗೆಯೇ ಗೇಟಿನ ಪೆಟ್ಟಿಗೆ ಸೇರಿರುತ್ತಿದ್ದವು.

ಅವಳು ದಳದ ನಾಯಕನ ಕಡೆ ತಿರುಗಿದಳು. “ಎರಡನೇ ಮಹಡಿ, ಹಿಂದಿನ ಓಣಿ ಕಡೆ ಕೊನೇ ಕಿಟಕಿ, ಹಸಿರು ಬಣ್ಣದ್ದು. ಒಬ್ಬಳೇ ಹೆಂಗಸು. ಬಾಗಿಲು ಒಳಗಿಂದ ಹಾಕಿದೆ. ಹಿಂದಿನ ಮೆಟ್ಟಿಲು ಹತ್ಬೇಡಿ, ಹೊಗೆ ಅಲ್ಲೇ ಇದೆ. ಇವಳು ಓಣಿ ತೋರಿಸ್ತಾಳೆ, ಕರ್ಕೊಂಡು ಹೋಗಿ.”

ನಾಯಕ ಸೀಟಿ ಊದಿದ. ನಾಲ್ವರು ಏಣಿ ಹೊತ್ತು ಕಾಜಾದವಳ ಹಿಂದೆ ಓಡಿದರು. ಮ್ಯಾನೇಜರೂ ಓಡಿದರು. ಸಾಲುಗಳೂ ಅತ್ತ ಸರಿಯತೊಡಗಿದವು.

“ಯಾರೂ ಕದಲಬಾರದು!” ಅಕ್ಕನ ದನಿ ಮೈದಾನದ ತುದಿಗೂ ಕೇಳಿತು. “ಒಬ್ಬಳು ಒಳಗಿದ್ದಾಳೆ ಅಂತ ಗೊತ್ತಾದ್ರೆ ಇನ್ನೊಬ್ಬರು ಇಲ್ಲ ಅಂತಲ್ಲ. ಹೆಸರು ಬಾಕಿ ಇದೆ.”

ಇಪ್ಪತ್ತೆರಡು ವರ್ಷದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು. ಕಾಲು ಓಣಿಯ ಕಡೆ ಎಳೆಯುತ್ತಿತ್ತು, ಕಿವಿ ಅಲ್ಲೇ ಇತ್ತು, ಕಣ್ಣು ಮಾತ್ರ ಪುಸ್ತಕದ ಮೇಲೆ. ಹೆಸರು, ಉತ್ತರ, ಮುಖ, ಗೆರೆ. ಇಸ್ತ್ರಿಯವರು. ಪ್ಯಾಕಿಂಗಿನವರು. ಕಚೇರಿಯವರು. ‘ಇದ್ದೀನಿ’, ‘ಇದ್ದೀನಕ್ಕ’, ‘ಇಲ್ಲೇ ಇದ್ದೀನಿ’. ಪಟ್ಟಿ ಮುಗಿದಾಗ, ಕಣ್ಣೆದುರೇ ಓಣಿಗೆ ಓಡಿದ ಇಬ್ಬರನ್ನೂ ಸೇರಿಸಿ ಗೆರೆಗಳನ್ನು ಎಣಿಸಿದಳು. ನೂರ ನಲವತ್ತೆರಡು. ಗುಬ್ಬಿಯೊಬ್ಬಳೇ ಬಾಕಿ.

ಹಾಗಾದರೆ ಮ್ಯಾನೇಜರ್ ಎಣಿಸಿದ ಇನ್ನೊಂದು ತಲೆ ಯಾರದು? ಪ್ಯಾಕಿಂಗಿನವರ ಸಾಲಿನ ಕೊನೆಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡ ದಪ್ಪನೆಯ ಮನುಷ್ಯನೊಬ್ಬ ಕೈಕಟ್ಟಿ ನಿಂತಿದ್ದ.

“ನೀವ್ಯಾರಪ್ಪ?”

“ಬಟ್ಟೆ ತಂದ ಲಾರಿ ಡ್ರೈವರ್ ಅಕ್ಕಾ. ಎಲ್ಲಾ ಸಾಲಲ್ಲಿ ನಿಲ್ಲಿ ಅಂದ್ರಲ್ಲ, ನಿಂತೆ.”

ಯಾರೋ ಕಿಸಕ್ಕನೆ ನಕ್ಕರು, ನಕ್ಕವರೇ ಬಾಯಿ ಮುಚ್ಚಿಕೊಂಡರು. ಅದೇ ಹೊತ್ತಿಗೆ ಓಣಿಯ ಕಡೆಯಿಂದ ಗದ್ದಲ ಕೇಳಿತು. ಕಾಜಾದವಳು ಎರಡೂ ಕೈ ಬೀಸುತ್ತ, ಅಳುತ್ತ, ನಗುತ್ತ ಓಡಿಬಂದಳು. “ಇಳಿಸಿದ್ರು! ಇಳಿಸಿದ್ರಕ್ಕ! ಏನೂ ಆಗಿಲ್ಲ!”

ಹಿಂದೆಯೇ ಗುಬ್ಬಿ ಬಂದಳು, ದಳದ ಹುಡುಗನೊಬ್ಬನ ತೋಳು ಹಿಡಿದುಕೊಂಡು. ಮುಖವೆಲ್ಲ ಮಸಿ, ಎಡಗೈಯಲ್ಲಿ ಮುಚ್ಚಳ ಹಾಕಿದ ಹಾಲಿನ ಬಾಟಲಿ.

“ಗಂಟೆ ಕೇಳಿಸ್ತಕ್ಕ,” ಎಂದಳು ಕೆಮ್ಮುತ್ತ. “ಬಟ್ಟೆ ಸರಿ ಮಾಡ್ಕೊಂಡು ಬಾಗಿಲು ತೆಗೀತೀನಿ, ಹೊರಗೆ ಕಣ್ಣು ಬಿಡೋಕಾಗದಷ್ಟು ಹೊಗೆ. ಹೊಗೆ ಇದ್ರೆ ನುಗ್ಗಬೇಡಿ, ಬಾಗಿಲು ಹಾಕಿ ಸಂದಿಗೆ ಬಟ್ಟೆ ತುರುಕಿ ಅಂತ ನೀವು ತಾಲೀಮಲ್ಲಿ ಬಡ್ಕೊಂಡಿದ್ರಲ್ಲ. ಸ್ಯಾಂಪಲ್ ಶರ್ಟು ಹನ್ನೆರಡು ತುರುಕಿದೆ. ಬೈಬೇಡಿ.”

“ಬಾಟಲಿ ಯಾಕೆ ಹಿಡ್ಕೊಂಡು ಇಳಿದ್ಯೇ ಏಣಿ ಮೇಲಿಂದ?”

“ಅಷ್ಟು ಕಷ್ಟಪಟ್ಟು ತೆಗೆದದ್ದು, ಬಿಟ್ಟು ಬರ್ಲಾ?”

ಹಾಜರಿ ಅಕ್ಕ ಮೊದಲು ಗೆರೆ ಎಳೆದಳು. ಆಮೇಲೆ ಪುಸ್ತಕ ಕಂಕುಳಿಗೆ ಸಿಕ್ಕಿಸಿ ಅವಳನ್ನು ಅಪ್ಪಿಕೊಂಡಳು. ಇಬ್ಬರೂ ಹುಲ್ಲಿನ ಮೇಲೆ ಕೂತುಬಿಟ್ಟರು.

ಬೆಂಕಿ ಒಂದು ಗಂಟೆಯಲ್ಲಿ ಆರಿತು. ಉಗ್ರಾಣ ಹೋಯಿತು, ಕಟ್ಟಡ ಉಳಿಯಿತು. ದಳದ ನಾಯಕ ಹೊರಡುವ ಮುಂಚೆ ಮ್ಯಾನೇಜರರ ಬಳಿ ಬಂದು, “ನಿಮ್ಮ ಮಾತು ನಂಬಿದ್ದಿದ್ರೆ ನಾವು ಓಣಿಗೆ ಹೋಗ್ತಾನೇ ಇರ್ಲಿಲ್ಲ,” ಎಂದಷ್ಟೇ ಹೇಳಿ ವಾಹನ ಹತ್ತಿದ.

ಮ್ಯಾನೇಜರ್ ಫೋನನ್ನು ಜೇಬಿಗೆ ಹಾಕಿದರು. ಆಮೇಲೆ ಅಕ್ಕನ ಎದುರಿಗೆ ಬಂದು ನೇರವಾಗಿ ಹೇಳಿದರು, “ತಪ್ಪಾಯ್ತಮ್ಮ. ಏನು ಮಾಡ್ಬೇಕು ಹೇಳಿ, ಮಾಡೋಣ.”

ಅವಳು ಸಂಕೋಚಪಡಲಿಲ್ಲ. ಹೊರಗಿನಿಂದ ಬಂದವರಿಗೆ ಬೇರೆ ಸಾಲು, ಬೇರೆ ಪುಟ. ಮುಚ್ಚಿದ ಬಾಗಿಲನ್ನೂ ತಟ್ಟದೆ ಯಾವ ಸೂಪರ್‌ವೈಸರೂ ಇಳಿಯಬಾರದು. “ಇನ್ನೊಂದು, ಮುಖ್ಯವಾದದ್ದು,” ಎಂದಳು. “ಕೂಸು ಬಿಟ್ಟು ಬಂದವರಿಗೆ ಒಂದು ಕೋಣೆ ಬೇಕು ಸಾರ್. ಮುಂದಿನ ಮೆಟ್ಟಿಲ ಹತ್ತಿರ. ಕುರ್ಚಿ, ಪರದೆ, ಗಂಟೆ. ಕದ್ದುಮುಚ್ಚಿ ಹೋಗೋ ಹಾಗಿದ್ರೆ ನಾನು ಎಷ್ಟು ಹೆಸರು ಕೂಗಿ ಏನು ಪ್ರಯೋಜನ?”

ಮ್ಯಾನೇಜರರ ಕಿವಿ ಕೆಂಪಾಯಿತು, ಆದರೆ ತಲೆ ಆಡಿಸಿದರು. ಕಾರ್ಖಾನೆ ಮತ್ತೆ ತೆರೆದ ವಾರವೇ ಲೆಕ್ಕಪತ್ರದ ಹಳೇ ಬೀರುಗಳನ್ನು ತೆಗೆಸಿ ಕೋಣೆ ಖಾಲಿ ಮಾಡಿಸಿದರು. ಪರದೆಯನ್ನು ಕಾಜಾದವಳೇ ಹೊಲಿದಳು.

ಗುಬ್ಬಿಯ ಕೂಸು ಈಗ ಓಡಾಡುತ್ತದೆ, ಅವಳಿಗೆ ಆ ಕೋಣೆ ಬೇಕಿಲ್ಲ. ಇಸ್ತ್ರಿ ವಿಭಾಗದ ಇನ್ನೊಬ್ಬಳು ಹೋಗುತ್ತಾಳೆ. ಹೋಗುವಾಗ ಮೆಟ್ಟಿಲ ಮೇಲಿಂದಲೇ, ಗೇಟಿನಲ್ಲಿ ನಿಂತ ಗಂಡಸರಿಗೂ ಕೇಳುವಂತೆ ಕೂಗುತ್ತಾಳೆ: “ಹಾಜರಿ ಅಕ್ಕಾ, ಹಾಲಿನ ರೂಮಲ್ಲಿದ್ದೀನಿ!”

“ಆಯ್ತು ಹೋಗೇ,” ಎನ್ನುತ್ತಾಳೆ ಅಕ್ಕ ಕಿಟಕಿಯಿಂದ, ತಲೆ ಎತ್ತದೆ.