ಕುಂಕುಮ ನಿಂತ ಜಾಗ

ನಮ್ಮ ಅತ್ತೆ ಸಕ್ಕೂಬಾಯಿಯವರನ್ನು ಭಟ್ಟಿಯ ಹತ್ತಿರ ಬಿಡಬೇಡಿ ಎಂದು ಮನೆಮಂದಿಗೆಲ್ಲ ಬಾಯಿ ನೋಯುವಷ್ಟು ಹೇಳಿದ್ದೆ. ಯಾರು ಕೇಳಬೇಕು? ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕರೆಂಟಿನ ಭಟ್ಟಿಯಿಟ್ಟು ಗಾಜು ಕರಗಿಸಿ ತಟ್ಟೆ ಮಾಡುವುದು ನನ್ನ ಕೆಲಸ. ಆ ಕೋಣೆಯ ಪಕ್ಕದಲ್ಲೇ ದೇವರಮನೆ. ಅತ್ತೆಯ ಅರ್ಧ ದಿನ ಅಲ್ಲೇ.

ಕಮಲಾಪುರದಿಂದ ಸುನಂದಾ ಎಂಬ ಗಿರಾಕಿ ತನ್ನ ತಾಯಿ ಹಾಕಿದ ರಂಗೋಲಿಯ ಫೋಟೋ ಹಿಡಿದುಕೊಂಡು ಬಂದಿದ್ದಳು. ತಾಯಿ ಸೂಗಮ್ಮನವರ ಕೈ ಈಗ ನಡುಗುತ್ತದಂತೆ. ಅವರು ಹಾಕಿದ ಕೊನೆಯ ರಂಗೋಲಿ ಅದು. ಹೊಸ ಮನೆಯ ಹೊಸ್ತಿಲ ಪಕ್ಕ ಇಡಲು ಅದನ್ನು ಹಸಿರು ಗಾಜಿನ ಮೇಲೆ ಮಾಡಿಕೊಡಿ ಎಂದಳು.

“ರಂಗೋಲಿ ಸ್ಟಿಕರ್ ಹಚ್ಚಿದ್ರ ಹೊಸ ಮನಿಯೊಳಗ ಕಾಲಿಡಂಗಿಲ್ಲ ಅಂತ ಅವ್ವ ಹಟ ಹಿಡದು ಕೂತಾಳ್ರಿ. ಇದನ್ನಾದ್ರೂ ಒಪ್ತಾಳೋ ಏನೋ. ಆ ಸೊಟ್ಟ ಎಳಿ ಅದ ಅಲ್ರೀ, ಅದನ್ನ ನೆಟ್ಟಗ ಮಾಡಬ್ಯಾಡ್ರಿ.”

ರಂಗೋಲಿಯನ್ನು, ಸುಟ್ಟರೆ ಗಾಜಿನಲ್ಲಿ ಬೆರೆಯುವ ಬಿಳಿ ಎನಾಮೆಲ್ ಬಣ್ಣದಲ್ಲಿ ಟ್ರಾನ್ಸ್‌ಫರ್ ಹಾಳೆಯ ಮೇಲೆ ಅಚ್ಚು ಹಾಕಿಸಿ ಪುಣೆಯಿಂದ ತರಿಸಿದೆ. ಬಂದದ್ದು ಒಂದೇ ಹಾಳೆ, ಅದೂ ಗೃಹಪ್ರವೇಶ ಬಾಗಿಲಿಗೆ ಬಂದಾಗ. ನೀರಿನಲ್ಲಿ ನೆನೆಸಿದರೆ ಚಿತ್ರ ಕಾಗದ ಬಿಟ್ಟು ಜಾರುತ್ತದೆ. ಹಾಗೆ ಜಾರಿಸಿ ತಟ್ಟೆಯ ಮೇಲೆ ಕೂಡಿಸಿ, ಒಂದೂ ಗುಳ್ಳೆ ಉಳಿಯದಂತೆ ಒತ್ತಿ, ಒಣಗಿಸಿ ಭಟ್ಟಿಯಲ್ಲಿಟ್ಟೆ. ಮುಚ್ಚಳ ತೆರೆದಿಟ್ಟೇ ಸ್ನಾನಕ್ಕೆ ಹೋದೆ. ಬಂದಾಗ ಮುಚ್ಚಿತ್ತು. ನಾನೇ ಮುಚ್ಚಿರಬೇಕು ಎಂದುಕೊಂಡು ಸ್ವಿಚ್ ಒತ್ತಿದೆ.

ಗೃಹಪ್ರವೇಶದ ಬೆಳಿಗ್ಗೆ ತೆರೆದರೆ ರಂಗೋಲಿ ಗಾಜಿನಲ್ಲಿ ಬೆರೆತು ಹೊಳೆಯುತ್ತಿತ್ತು. ಆದರೆ ನಟ್ಟನಡುವೆ ಬೆರಳ ತುದಿಯಷ್ಟು ಬೂದು ಕಲೆ, ಮುಟ್ಟಿದರೆ ಒರಟು.

“ಅತ್ತಿ, ಏನ್ ಮಾಡೀರಿ ಇದಕ್ಕ?”

“ಕುಂಕುಮ ಏರಿಸಿ ಮುಚ್ಚೀನಿ. ರಂಗೋಲಿ ಹಾಕಿ ಹಂಗ ಬಿಡ್ತಾರೇನ?”

“ಅದು ರಂಗೋಲಿ ಅಲ್ರೀ, ಗಾಜು.”

“ಮತ್ತ ರಂಗೋಲಿ ಕಂಡಂಗ ಯಾಕ ಮಾಡೀದಿ?”

ಕುಂಕುಮದ ಬಣ್ಣ ಸುಟ್ಟುಹೋಗಿ, ಅದರಲ್ಲಿದ್ದ ಸುಣ್ಣ ಗಾಜಿಗೆ ಕಚ್ಚಿಕೊಂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅತ್ತೆಯೊಡನೆ ಮಾತು ಬಿಟ್ಟು, ತಟ್ಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕಮಲಾಪುರದ ಬಸ್ಸು ಹತ್ತಿದೆ.

ಸೂಗಮ್ಮ ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ತಟ್ಟೆಯನ್ನು ಹೊಸ್ತಿಲ ಪಕ್ಕ ಇಟ್ಟೆ. ಅವರು ಎದ್ದು ಬಂದು, ಕೂತು, ಎಳೆ ಎಳೆಯ ಮೇಲೂ ಬೆರಳಾಡಿಸಿದರು. ಸೊಟ್ಟ ಎಳೆಯ ಹತ್ತಿರ ನಕ್ಕರು. ಬೆರಳು ನಡುವಿಗೆ ಬಂದು ನಿಂತಿತು.

“ಇಲ್ಲೇನ ಆಗ್ಯಾದವ್ವ?”

“ಸುಡೂಕಿಂತ ಮೊದ್ಲು ನಮ್ಮತ್ತಿ ಕುಂಕುಮ ಏರಿಸಿಬಿಟ್ಟಾರ್ರೀ. ಅದರ ಕಲಿ ಉಳದದ.”

ಸೂಗಮ್ಮ ಮಗಳ ಕಡೆ ತಿರುಗಿದರು. “ಅವತ್ತ ಫೋಟೋ ಫೋಟೋ ಅಂತ ಕುಣದು ನನಗ ಕುಂಕುಮ ಏರಸಾಕ ಬಿಡಲಿಲ್ಲ ನೀನು. ಅವರತ್ತಿಗಿ ತಿಳೀತು ನೋಡು.”

ಕುಂಕುಮದ ಬಟ್ಟಲು ತರಿಸಿದರು. ಚಿಟಿಕೆ ಹಿಡಿದ ಕೈ ನಡುಗಿ ಕುಂಕುಮ ಎಲ್ಲ ಕಡೆ ಚೆಲ್ಲಿತು. ಸುನಂದಾ ಕೈ ಹಿಡಿಯಲು ಬಂದರೆ ಬೇಡವೆಂದು, ಸೆರಗಿನಿಂದ ತಾವೇ ಒರೆಸಿದರು. ನುಣುಪು ಗಾಜಿನ ಮೇಲಿದ್ದದ್ದೆಲ್ಲ ಹೋಯಿತು. ಒರಟು ಜಾಗದ ಕೆಂಪು ಮಾತ್ರ ದುಂಡಗೆ ಅಲ್ಲೇ ನಿಂತಿತು.

“ದಿನಾ ಇಷ್ಟು ನನ್ನ ಕೈಲೆ ಆಗ್ತದ,” ಎಂದರು ಸೂಗಮ್ಮ. ಹೊಸ್ತಿಲು ದಾಟಿ ಒಳಗೆ ಹೋದರು.

ವಾಪಸು ಬರುವಾಗ ಅತ್ತೆಗೆಂದು ಆ ಊರಿನ ಹೆಸರುವಾಸಿ ಕೆಂಪು ಬಾಳೆಹಣ್ಣು ಕೊಂಡೆ. ಬಿಟ್ಟ ಮಾತನ್ನು ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.