ಕರ್ಪೂರ ಮುಟ್ಟಿದ ಬೀದಿ

ನಾಗೇಂದ್ರನ ಬೈಕು ಟೀ ಅಂಗಡಿ ಮುಂದೆ ನಿಂತರೆ ಸಾಕು, ಪುಟ್ಟಲಕ್ಷ್ಮಿ ಮುಖ ತಿರುಗಿಸಿ ಲೋಟ ತೊಳೆಯತೊಡಗುತ್ತಿದ್ದಳು. ಜಾಮೀನಿನ ಮೇಲೆ ಹೊರಬಂದಾಗಿನಿಂದ ಅವನು ದಿನವೂ ಬರುತ್ತಿದ್ದ. ಬೈಯುತ್ತಿರಲಿಲ್ಲ, ಬೆದರಿಸುತ್ತಿರಲಿಲ್ಲ. "ಅಕ್ಕಾ, ಒಂದ್ ಟೀ" ಎನ್ನುವನು. ಎದುರಿಗೆ ಬಾಗಿಲು ಹಾಕಿದ ಹೂವಿನಂಗಡಿಯನ್ನು ನೋಡುವನು, ಆಮೇಲೆ ಇವಳನ್ನು ನೋಡುವನು. ಎದ್ದು ಹೋಗುವನು. ಅವನು ಹೋದ ಮೇಲೂ ಆ ನೋಟ ಬೆಂಚಿನ ಮೇಲೆ ಕೂತೇ ಇರುತ್ತಿತ್ತು.

ನರಸೀಪುರದ ಆ ಬೀದಿಯಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. "ಬೈಕ್ ಪಕ್ಕಕ್ ಆಕಣ್ಣ, ಗಿರಾಕಿ ಬರ್ಬೇಕು" ಎಂದಿದ್ದಳು ಹೂವಿನಂಗಡಿಯ ಪಲ್ಲವಿ. ಮಾತಿಗೆ ಮಾತು ಬೆಳೆಯಿತು. ಅವಳು ಬೆನ್ನು ತಿರುಗಿಸಿ ಒಳಗೆ ಹೋಗುವಾಗ ನಾಗೇಂದ್ರ ಸೊಂಟದಿಂದ ನಾಡಪಿಸ್ತೂಲು ತೆಗೆದು ಹಾರಿಸಿದ. ಗುಂಡು ಅವಳ ಬಲಭುಜ ಹೊಕ್ಕಿತು. ಹಾರಿಸಿದ ಕೈಯನ್ನು ಅವಳು ಕಾಣಲಿಲ್ಲ. ಬೀದಿ ಕಂಡಿತ್ತು. ಆದರೆ ಪೊಲೀಸರು ಕೇಳಿದಾಗ ಎಲ್ಲರೂ "ನೋಡ್ನಿಲ್ಲ ಸಾ" ಎಂದರು. ಪುಟ್ಟಲಕ್ಷ್ಮಿ ಮಾತ್ರ, ಪಲ್ಲವಿಯನ್ನು ಎತ್ತಿ ಹಿಡಿದು ಸೆರಗಿಗೆ ರಕ್ತ ಹತ್ತಿದ್ದ ಆ ಗಾಬರಿಯಲ್ಲಿ, ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟಿದ್ದಳು.

ಈಗ ಮೈಸೂರಿನ ಕೋರ್ಟಿನಿಂದ ಸಮನ್ಸ್ ಬಂದಿತ್ತು. ಸೋಮವಾರ ಸಾಕ್ಷಿ ಹೇಳಬೇಕು.

"ನೆಪ್ಪಿಲ್ಲ ಅಂದ್ಬುಡಮ್ಮಿ" ಎಂದ ಗಂಡ ಚಾಮಯ್ಯ, ಒಲೆಗೆ ಬೆನ್ನು ಹಾಕಿ. "ಅವ್ನು ಜೈಲ್ಗೋದ್ರೆ ಅವ್ನ ಕಡೆಯೋರು ಸುಮ್ಕಿದ್ದಾರಾ? ಅದೂ ಅಲ್ದೆ ಆಣೆ ಅದೆ."

ಅವಳನ್ನು ಒಳಗೊಳಗೇ ತಿನ್ನುತ್ತಿದ್ದುದೂ ಆ ಆಣೆಯೇ. ಹೋದ ವರ್ಷ ಆಯುಧಪೂಜೆಯ ದಿನ ಇದೇ ನಾಗೇಂದ್ರ ಮೋಜಿಗೆಂದು ಗುಂಡು ಹಾರಿಸಿದ್ದ. ಅದು ಇವರ ಅಂಗಡಿಯ ಚಾವಣಿಯ ತಗಡು ತೂರಿ ಹೋಗಿತ್ತು. ಪೊಲೀಸರು ಬರುವ ಮೊದಲೇ ಬೀದಿಯ ಯಜಮಾನ ಮಾದಪ್ಪ ಎಲ್ಲರನ್ನೂ ಮಾರಮ್ಮನ ಗುಡಿಗೆ ಕರೆಸಿ ಕರ್ಪೂರ ಮುಟ್ಟಿಸಿ ಆಣೆ ಹಾಕಿಸಿದ್ದರು. "ಬೀದಿ ಮಾತು ಪೊಲೀಸ್ರಿಗೂ ಬೇಡ, ಕೋರ್ಟ್ಗೂ ಬೇಡ." ಆ ಆಣೆ ಈಗಲೂ ನಡೆಯುತ್ತದೆ ಎಂದು ಮೊನ್ನೆ ಹೇಳಿ ಕಳಿಸಿದ್ದರು. ಪೊಲೀಸರ ಮುಂದೆ ಬಾಯಿ ತಪ್ಪಿದ್ದಾಯಿತು, ಇನ್ನು ಕೋರ್ಟಿನಲ್ಲೂ ಆಣೆ ಮುರಿದರೆ ಮನೆಗೆ ಏನಾದೀತೋ ಎಂದು ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಇಂದ್ರಾಣಿ ಬಂದಳು. ಸ್ವಸಹಾಯ ಸಂಘದ ಗೆಳತಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ.

"ರಾಜಿ ಮಾಡ್ಕೊಂಡ್ರೆ ಕೇಸು ಮುಗಿಯಕಿಲ್ವೇನವ್ವ?" ಚಾಮಯ್ಯ ಅವಳನ್ನೇ ಕೇಳಿದ.

"ಕೊಲೆ ಪ್ರಯತ್ನದ ಕೇಸ್ಗೆ ಬೀದಿ ರಾಜಿ ನಡೆಯಲ್ಲ ಚಾಮಣ್ಣ. ಕಾನೂನೇನೋ ಬಿಗಿಯಾಗೇ ಅದೆ. ಲೈಸೆನ್ಸ್ ಇಲ್ದೆ ಪಿಸ್ತೂಲ್ ಇಟ್ಕೊಂಡಿದ್ದಕ್ಕೇ ಕಮ್ಮಿ ಅಂದ್ರೂ ಎರಡು ವರ್ಷ ಜೈಲು. ಆದ್ರೆ ನೋಡ್ದೋರೇ ನೋಡಿಲ್ಲ ಅಂದ್ರೆ ಜಡ್ಜು ಏನ್ ಮಾಡಾರು? ಓದ್ ವರ್ಷ ನೀವೇನಂದ್ರಿ ಪೊಲೀಸ್ರಿಗೆ?"

"ಪಟಾಕಿ ಅಂದೊ."

"ತಗಡು ತೂತ್ ಮಾಡೋ ಪಟಾಕಿ ಎಲ್ ಸಿಕ್ತದೆ? ನಂಗೂ ಒಂದ್ ಪ್ಯಾಕೆಟ್ ತಂದ್ಕೊಡಿ."

ಚಾಮಯ್ಯ ನಗಲು ಹೋಗಿ ನಗಲಿಲ್ಲ. ತಲೆ ಎತ್ತಿದ. ತೂತಿನಿಂದ ಇಳಿದ ಬಿಸಿಲು ಸಕ್ಕರೆ ಡಬ್ಬದ ಮೇಲೆ ಬಿದ್ದಿತ್ತು.

"ಅವ್ನು ದಿನಾ ಬಂದು ಕುಂತ್ಕತಾನೆ" ಎಂದಳು ಪುಟ್ಟಲಕ್ಷ್ಮಿ.

"ಅದ್ನೂ ಮುಚ್ಚಿಡ್ಬೇಡ ಪುಟ್ಟಕ್ಕ. ಸರ್ಕಾರಿ ವಕೀಲ್ರಿಗೆ ಹೇಳಾಣ. ಸಾಕ್ಷಿನ ಹೆದರಿಸ್ತಾವ್ನೆ, ಜಾಮೀನು ರದ್ದು ಮಾಡಿ ಅಂತ ಕೋರ್ಟನ್ನ ಕೇಳ್ಬೌದು. ಸಾಕ್ಷಿಗೆ ರಕ್ಷಣೆ ಬೇಕು ಅಂತ ಅರ್ಜಿ ಕೊಡಕ್ಕೂ ದಾರಿ ಅದೆ. ನಾನ್ ಜೊತೆಗ್ ಬತ್ತೀನಿ."

"ಆಣೆ?"

ಒಲೆಯ ಮೇಲೆ ಹಾಲು ಉಕ್ಕಿತು. ಅದನ್ನು ಇಳಿಸಿ ಮಾತಾಡಿದವನು ಚಾಮಯ್ಯ.

"ಮಾರಮ್ಮ ಅಷ್ಟ್ ದೊಡ್ಡ ಬೆಳ್ಳಿ ಕಣ್ಣು ಬಿಟ್ಕೊಂಡು ಕುಂತವ್ಳೆ. ಅವ್ಳ ಎದುರ್ಗೇ ನೋಡ್ನಿಲ್ಲ ಅನ್ನಕ್ಕೆ ಕರ್ಪೂರ ಮುಟ್ಟುದ್ವಲ್ಲ ನಾವು... ಆ ಆಣೆ ಅವ್ಳು ಒಪ್ಕೊಂಡಿದ್ಲು ಅಂತ ಯಾರಿಗ್ ಗೊತ್ತಮ್ಮಿ? ಒಪ್ಕೊಂಡಿದ್ರೆ ಈ ವರ್ಷ ಆ ಹೆಣ್ ಮಗಾ ಗುಂಡ್ ತಿಂದ್ ಬೀಳ್ತಿತ್ತಾ?"

ಅಂದೇ ಇಂದ್ರಾಣಿಯ ಜೊತೆ ಹೋಗಿ ಸರ್ಕಾರಿ ವಕೀಲರಿಗೆ ಎಲ್ಲ ತಿಳಿಸಿ, ರಕ್ಷಣೆಗೆ ಅರ್ಜಿ ಕೊಟ್ಟು ಬಂದರು. ಸೋಮವಾರ ಗಂಡ ಹೆಂಡಿರಿಬ್ಬರೂ ಮೈಸೂರು ಬಸ್ಸು ಹತ್ತಿದರು. ಕೋರ್ಟಿನಲ್ಲಿ ನಾಗೇಂದ್ರ ಅದೇ ನೋಟ ನೋಡಿದ. ಸರ್ಕಾರಿ ವಕೀಲರು ಕೇಳಿದರು, "ಗುಂಡು ಹಾರಿಸಿದವರನ್ನು ನೋಡಿದಿರಾ?" ಪುಟ್ಟಲಕ್ಷ್ಮಿ ತಿರುಗಿ ನೋಡಿದಳು. ಹಿಂದಿನ ಬೆಂಚಿನಲ್ಲಿ ಪಲ್ಲವಿ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

"ನೋಡ್ದೆ ಸಾ. ಇವ್ನೇಯ."

ತೀರ್ಪು ಇನ್ನೂ ಬಂದಿಲ್ಲ. ಅಂಜಿಕೆ ಪೂರಾ ಹೋಗಿಲ್ಲ. ಆದರೆ ಕೋರ್ಟು ಜಾಮೀನು ರದ್ದು ಮಾಡಿದೆ. ಬೆಂಚು ಖಾಲಿ ಇದೆ. ಮೊನ್ನೆ ಮಾದಪ್ಪ ಟೀ ಕುಡಿದು, ತಗಡಿನ ತೂತನ್ನು ನೋಡಿ, ತಲೆ ತಗ್ಗಿಸಿ ಎದ್ದು ಹೋದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಇಂಥ ಸದ್ದು ಕೇಳಿದರೆ ಅದನ್ನು ಪಟಾಕಿ ಎನ್ನಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ. ಸಾಕ್ಷಿ ಹೇಳಲು ಭಯವಾದರೆ ಸರ್ಕಾರಿ ವಕೀಲರಿಗೆ ತಿಳಿಸಿ, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ. ಶಿಕ್ಷೆ ಎಷ್ಟೇ ಬಿಗಿಯಾಗಿರಲಿ, ಅದು ತಪ್ಪಿತಸ್ಥನನ್ನು ಮುಟ್ಟುವುದು ನಿಮ್ಮ ಬಾಯಿಮಾತಿನಿಂದ. ತಗಡಿಗೆ ಬಿದ್ದ ಗುಂಡಿಗೇ ಆ ಬೀದಿ ಬಾಯಿ ಬಿಟ್ಟಿದ್ದರೆ, ಪಲ್ಲವಿ ಇಂದು ಎರಡೂ ಕೈಯಲ್ಲಿ ಹೂ ಕಟ್ಟುತ್ತಿದ್ದಳು.